ಗಟ್ಟಿಮೇಳಕ್ಕೆ ಮೊದಲಿನ ಎರಡು ಸೆಕೆಂಡು

ದುರ್ಯೋಧನ ಪರದೆಯ ಹಿಂದಿನಿಂದಲೇ ಹಾಡಲು ಶುರು ಮಾಡುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು ರಾಗವನ್ನು ಒಂದು ಸುತ್ತು ತಿರುಗಿಸಿರುತ್ತಾರೆ. ಒಳಗಿನಿಂದ ಆಲಾಪ ಏರುತ್ತಾ ಬರುತ್ತದೆ. ರಂಗದ ಮೇಲೆ ಅರಮನೆಯ ಚಿತ್ರವಿರುವ ಪರದೆ ಬಿಟ್ಟರೆ ಇನ್ನೂ ಏನೂ ಇಲ್ಲ, ಆದರೂ ಕೆಳಗೆ ಚಾಪೆ ಹಾಸಿಕೊಂಡು ಕೂತವರಲ್ಲಿ ಯಾರೋ ಆಗಲೇ ಸಿಳ್ಳೆ ಹಾಕುತ್ತಾರೆ. ಆಮೇಲೆ ಪರದೆ ಮೇಲೇಳುತ್ತದೆ. ಕಿರೀಟ, ಭುಜಕೀರ್ತಿ, ಗದೆ. ಹೇಳಿ, ದುರ್ಯೋಧನನ ಪ್ರವೇಶ ಶುರುವಾದದ್ದು ಯಾವಾಗ? ಪರದೆ ಎದ್ದಾಗಲೋ, ದನಿ ಕೇಳಿಸಿದಾಗಲೋ, ಮೇಷ್ಟ್ರು ಶ್ರುತಿ ಕೊಟ್ಟಾಗಲೋ?

ಈ ಪ್ರಶ್ನೆ ನನ್ನ ಮುಂದೆ ಬಂದದ್ದು 2007ರ ಸುಮಾರಿಗೆ, ದೊಡ್ಡಬಳ್ಳಾಪುರದ ಒಂದು ಮಿಕ್ಸಿಂಗ್ ರೂಮಿನಲ್ಲಿ. ಮದುವೆ, ಗೃಹಪ್ರವೇಶ, ನಾಮಕರಣಗಳ ವಿಡಿಯೊವನ್ನು ಜೋಡಿಸಿ, ಟೈಟಲ್ ಹಾಕಿ, ಡಿವಿಡಿಗೆ ರೈಟ್ ಮಾಡಿಕೊಡುವ ಜಾಗಕ್ಕೆ ನಮ್ಮ ಕಡೆ ಮಿಕ್ಸಿಂಗ್ ರೂಮ್ ಎಂದೇ ಹೆಸರು. ಅಲ್ಲಿ ನಾನು ಸಂಜೆಯ ಹೊತ್ತು ಕೆಲಸ ಮಾಡುತ್ತಿದ್ದೆ. ಹತ್ತಿರದ ಹಳ್ಳಿಯವರು ಕುರುಕ್ಷೇತ್ರ ಆಡಿದ್ದರು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ ಪೌರಾಣಿಕ ನಾಟಕವೆಂದರೆ ಮೊದಲು ನಾಲಿಗೆಗೆ ಬರುವುದು ಅದೇ ಹೆಸರು. ತಿಂಗಳುಗಟ್ಟಲೆ ಮೇಷ್ಟ್ರನ್ನು ಊರಿಗೇ ಕರೆಸಿಕೊಂಡು ಕಲಿಯುತ್ತಾರೆ. ಸೀನರಿ ಬಾಡಿಗೆಗೆ ತರುತ್ತಾರೆ. ರಾತ್ರಿ ಒಂಬತ್ತರ ನಂತರ ಶುರುವಾದ ಆಟ ಕೋಳಿ ಕೂಗಿದರೂ ಮುಗಿದಿರುವುದಿಲ್ಲ. ಗುಬ್ಬಿ ವೀರಣ್ಣನವರ ಕಂಪನಿ ತನ್ನ ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದಿತ್ತು. ಹಳ್ಳಿಯವರ ಬಳಿ ಆನೆಯಿಲ್ಲ. ಹಗಲೆಲ್ಲ ರಾಗಿ ಹೊಲದಲ್ಲೋ ಕಾರ್ಖಾನೆಯಲ್ಲೋ ದುಡಿದು ರಾತ್ರಿ ಕಂದಪದ್ಯ ಬಾಯಿಪಾಠ ಮಾಡುವ ಶ್ರದ್ಧೆಯಿದೆ.

ಎಂಟು ಗಂಟೆಯ ನಾಟಕ, ಎಂಟು ಮಿನಿ ಡಿವಿ ಕ್ಯಾಸೆಟ್ಟು, ಕೊನೆಗೆ ನಾಲ್ಕು ಡಿವಿಡಿ. ಪಾತ್ರಧಾರಿಗಳಿಗೆಲ್ಲ ಒಂದೊಂದು ಸೆಟ್ಟು. ಯಾರೂ ಎಂಟು ಗಂಟೆ ಕೂತು ನೋಡುವವರಲ್ಲ. ಶಕುನಿಗೆ ಶಕುನಿ ಬೇಕು, ಅಭಿಮನ್ಯುವಿನ ತಾಯಿಗೆ ಅಭಿಮನ್ಯು ಬೇಕು. ಹಾಗಾಗಿ ಪ್ರತಿ ಪ್ರವೇಶಕ್ಕೂ ಒಂದೊಂದು ಚಾಪ್ಟರ್ ಹಾಕಿದ್ದೆ. ಪರದೆ ಎದ್ದ ಕ್ಷಣಕ್ಕೆ ಸರಿಯಾಗಿ, ಒಂದು ಫ್ರೇಮ್ ಅತ್ತಿತ್ತ ಆಗದಂತೆ. ದುರ್ಯೋಧನನ ಪಾತ್ರ ಮಾಡಿದ್ದವರು ಮುಂದಿನ ವಾರ ಅಂಗಡಿಗೆ ಬಂದರು.

‘ನಂದು ಎಲ್ಲೈತೆ ತೋರ್ಸಪ್ಪ.’

ರಿಮೋಟ್ ಒತ್ತಿದೆ. ಪರದೆ ಎದ್ದಿತು, ದುರ್ಯೋಧನ ನಿಂತಿದ್ದ. ಅವರು ಒಂದು ನಿಮಿಷ ನೋಡಿ ಕೇಳಿದರು: ‘ಆಲಾಪ ಎಲ್ಲೋಯ್ತು? ಅದನ್ನೇ ಮೂರು ತಿಂಗ್ಳು ಕಲ್ತಿದ್ದೀನಿ ಕಣಪ್ಪ.’

ಆಲಾಪ ಎಲ್ಲಿಗೂ ಹೋಗಿರಲಿಲ್ಲ. ಹಿಂದಿನ ಚಾಪ್ಟರಿನ ಬಾಲದಲ್ಲಿತ್ತು. ಆದರೆ ಚಾಪ್ಟರ್ ಒತ್ತಿ ನೋಡುವವರಿಗೆ ಅದು ಇಲ್ಲದ ಹಾಗೆಯೇ. ಆ ನಾಲ್ಕೂ ಡಿಸ್ಕನ್ನು ಮತ್ತೆ ಮಾಡಿದೆ. ಕಣ್ಣಿಗೆ ಕಾಣುವ ಆರಂಭವೇ ಬೇರೆ, ನಿಜವಾದ ಆರಂಭವೇ ಬೇರೆ ಎಂದು ನನಗೆ ಹೇಳಿಕೊಟ್ಟದ್ದು ಆ ರಾತ್ರಿಯ ಕೆಲಸ.

ಚಾಪ್ಟರ್ ಎಂಬ ಸವಲತ್ತು ನಮ್ಮ ಮನೆಗಳಿಗೆ ಬಂದದ್ದು ತಡವಾಗಿ. ವಿಎಚ್‌ಎಸ್ ಕಾಲದಲ್ಲಿ ಮದುವೆ ಕ್ಯಾಸೆಟ್ಟಿನ ಡಬ್ಬಿಯೊಳಗೆ ಒಂದು ಚೀಟಿ ಇಟ್ಟಿರುತ್ತಿದ್ದ ಮನೆಗಳನ್ನು ನೋಡಿದ್ದೇನೆ. ‘ಧಾರೆ 1840, ಊಟ 2610’ ಎಂದು ವಿಸಿಆರ್‌ನ ಕೌಂಟರ್ ಸಂಖ್ಯೆ. ಕ್ಯಾಸೆಟ್ಟನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಕೌಂಟರನ್ನು ಸೊನ್ನೆಗೆ ತಂದು, ಆಮೇಲೆ ಮುಂದಕ್ಕೆ ಓಡಿಸಬೇಕು. ಪಕ್ಕದ ಮನೆಯ ವಿಸಿಆರ್‌ನಲ್ಲಿ ಹಾಕಿದರೆ ಅದೇ ಸಂಖ್ಯೆ ಬೇರೆಲ್ಲಿಗೋ ಒಯ್ಯುತ್ತಿತ್ತು. ನಂತರ ಬಂದ ವಿಸಿಡಿಯಲ್ಲಿ ಒಂದು ಡಿಸ್ಕಿಗೆ 74 ನಿಮಿಷ. ಮದುವೆಗೆ ಮೂರು ಡಿಸ್ಕು. ಡಿವಿಡಿ ಜಪಾನಿನ ಮಾರುಕಟ್ಟೆಗೆ ಬಂದದ್ದು 1996ರ ನವೆಂಬರಿನಲ್ಲಿ. ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳಲ್ಲಿ ಅದು ಮಾಮೂಲಾಗಲು ಸುಮಾರು ಹತ್ತು ವರ್ಷ ಹಿಡಿಯಿತು. 2007ರಲ್ಲಿ ಮೋಸರ್ ಬೇರ್ ಕಂಪನಿ ಸಿನಿಮಾದ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ಆಮೇಲೆ ಪ್ಲೇಯರ್ ಇಲ್ಲದ ಮನೆಗಳು ಕಡಿಮೆಯಾದವು. ಜನರ ಬಾಯಲ್ಲಿ ಮಾತ್ರ ಎಲ್ಲವೂ ‘ಸೀಡಿ’. ‘ಮದ್ವೆ ಸೀಡಿ ಆಯ್ತಾ?’ ಎಂದೇ ಕೇಳುತ್ತಿದ್ದರು, ಕೆಲವರು ಇಂದಿಗೂ ‘ಕ್ಯಾಸೆಟ್ಟು’ ಎನ್ನುತ್ತಾರೆ.

ಹಾಕಿದ ಗುರುತು ಹಾಕಿದ ಜಾಗದಲ್ಲೇ ಯಾಕೆ ನಿಲ್ಲುವುದಿಲ್ಲ ಎಂಬುದು ನನ್ನನ್ನು ಬಹಳ ಕಾಲ ಕಾಡಿದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಟಿವಿ ಪರದೆಯ ಮೇಲೆ ಸೆಕೆಂಡಿಗೆ 25 ಬಿಡಿಚಿತ್ರಗಳು ಹಾಯುತ್ತವೆ, ಒಂದೊಂದಕ್ಕೆ 40 ಮಿಲಿಸೆಕೆಂಡು. ಪ್ರತಿಯೊಂದನ್ನೂ ಇದ್ದ ಹಾಗೆಯೇ ಪೂರ್ತಿ ಬರೆಯುತ್ತ ಹೋದರೆ 4.7 ಜಿಬಿಯ ಡಿವಿಡಿ ಸುಮಾರು ಐದೇ ನಿಮಿಷಕ್ಕೆ ತುಂಬುತ್ತದೆ. ಎರಡು ಗಂಟೆ ಹಿಡಿಸಬೇಕಾದರೆ ಕುಗ್ಗಿಸಬೇಕು. ಡಿವಿಡಿ ಬಳಸುವ ಎಂಪೆಗ್-2 ಕ್ರಮದಲ್ಲಿ ಚಿತ್ರಗಳನ್ನು ಗುಂಪುಗುಂಪಾಗಿ ಕಟ್ಟುತ್ತಾರೆ. ಗುಂಪಿನ ಮೊದಲ ಚಿತ್ರ ಮಾತ್ರ ಪೂರ್ಣ. ಅದಕ್ಕೆ ಐ-ಫ್ರೇಮ್ ಎಂದು ಹೆಸರು. ಉಳಿದವುಗಳಲ್ಲಿ ‘ಹಿಂದಿನದಕ್ಕಿಂತ ಇಷ್ಟು ಬದಲಾಗಿದೆ, ಮುಂದಿನದಕ್ಕಿಂತ ಇಷ್ಟು ಬೇರೆಯಿದೆ’ ಎಂಬ ಲೆಕ್ಕವಷ್ಟೇ ಇರುತ್ತದೆ. ಮದುಮಗ ನಿಂತೇ ಇದ್ದಾನೆ, ಅವನ ಕೈ ಮಾತ್ರ ಮೇಲೆದ್ದಿತು ಎಂದಾದರೆ ಕೈಯ ಸುದ್ದಿ ಬರೆದರೆ ಸಾಕು. ಪಾಲ್ ಡಿವಿಡಿಯಲ್ಲಿ ಇಂಥ ಒಂದು ಗುಂಪು 15 ಫ್ರೇಮ್ ಮೀರುವಂತಿಲ್ಲ. ಪ್ಲೇಯರ್ ಹಾರಿ ಬಂದು ಇಳಿಯಬೇಕಾದರೆ ಪೂರ್ಣ ಚಿತ್ರ ಇರುವಲ್ಲೇ ಇಳಿಯಬೇಕು. ಆದ್ದರಿಂದ ಚಾಪ್ಟರ್ ಗುಂಪಿನ ತಲೆಯಲ್ಲೇ ಕೂರಬೇಕು, ಗುಂಪಿನ ನಡುವೆ ಅದಕ್ಕೆ ಜಾಗವಿಲ್ಲ.

ಲೆಕ್ಕ ಹಾಕಿ ನೋಡೋಣ. ಅಡುಗೆಮನೆಯ ದೃಶ್ಯ ಮುಗಿದು ಮಂಟಪದ ದೃಶ್ಯ ಶುರುವಾಗುವುದು 42 ನಿಮಿಷ 10 ಸೆಕೆಂಡು 18ನೇ ಫ್ರೇಮಿಗೆ ಎಂದಿಟ್ಟುಕೊಳ್ಳಿ. ಅಂದರೆ ಮೊದಲಿನಿಂದ ಎಣಿಸಿದರೆ 63,268ನೇ ಫ್ರೇಮ್. ಹದಿನೈದರ ಗುಂಪುಗಳು ಒಂದೇ ಸಮ ನಡೆದಿದ್ದರೆ ಅದಕ್ಕೆ ಹಿಂದಿನ ಐ-ಫ್ರೇಮ್ 63,255ರಲ್ಲಿ, ಮುಂದಿನದು 63,270ರಲ್ಲಿ. ಹಿಂದಿನದನ್ನು ಹಿಡಿದರೆ 13 ಫ್ರೇಮ್, ಅಂದರೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು, ಅಡುಗೆಯವರ ಸಾರಿನ ಕೊಳಗ ತೆರೆಯ ಮೇಲೆ ಇಣುಕಿ ಮಾಯವಾಗುತ್ತದೆ. ಬಹಳಷ್ಟು ಸಾಫ್ಟ್‌ವೇರ್‌ಗಳು ಹಿಂದಿನದನ್ನೇ ಹಿಡಿಯುತ್ತವೆ. ಅರ್ಧ ಸೆಕೆಂಡು ಯಾವ ಮಹಾ ಎನ್ನಬಹುದು. ಕಣ್ಣಿಗೆ ಅದು ಮುಳ್ಳು ಚುಚ್ಚಿದ ಹಾಗೆ. ಮನೆಮಂದಿಯೆಲ್ಲ ಕೂತು ಮಾಂಗಲ್ಯ ನೋಡಬೇಕೆಂದು ಗುಂಡಿ ಒತ್ತಿದಾಗ ಮೊದಲು ಸಾರಿನ ಕೊಳಗ ಹೊಳೆದು ಹೋದರೆ, ಮಾಡಿದವನು ಮನಸ್ಸಿಟ್ಟು ಮಾಡಿಲ್ಲ ಎಂಬುದು ಯಾರಿಗಾದರೂ ತಿಳಿಯುತ್ತದೆ.

ಇದಕ್ಕೆ ಪರಿಹಾರ ಹೊಳೆದದ್ದು ನಮ್ಮ ಮನೆಯ ಮಗ್ಗದ ಬಳಿ. ದೊಡ್ಡಬಳ್ಳಾಪುರ ರೇಷ್ಮೆ ಸೀರೆಯ ಊರು. ಬೀದಿಯಲ್ಲಿ ನಡೆದರೆ ಈಗಲೂ ಪವರ್‌ಲೂಮಿನ ಸದ್ದು ಕಿವಿಗೆ ಬೀಳುತ್ತದೆ. ನಮ್ಮಪ್ಪ ನೇಯುತ್ತಿದ್ದರು. ಮಗ್ಗದ ಮೇಲೆ ಜಕಾರ್ಡು, ಅದರ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ. ಒಂದು ಕಾರ್ಡಿಗೆ ಒಂದು ಹೊಕ್ಕು. ಲಾಳಿ ಒಂದು ಸಲ ಅಡ್ಡ ಹಾಯ್ದರೆ ಕಾರ್ಡು ಒಂದು ತಿರುಗುತ್ತದೆ. ಒಡಲು ಮುಗಿದು ಸೆರಗು ಶುರುವಾಗುವುದು ಇಂಥದೇ ಕಾರ್ಡಿಗೆ. ಅರ್ಧ ಹೊಕ್ಕಿಗೆ ಸೆರಗು ಆರಂಭವಾಗಲಾರದು. ನೇಯ್ದು ಮುಗಿದ ಮೇಲೆ ‘ಸೆರಗು ಒಂದು ಬೆರಳು ಆಚೆ ಇರಬೇಕಿತ್ತು’ ಎಂದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಅಪ್ಪ ಹೇಳುತ್ತಿದ್ದರು: ‘ಸೆರಗು ಎಲ್ಲಿ ಬರ್ಬೇಕು ಅನ್ನೋದು ಲಾಳಿ ಬಿಡೋಕ್ ಮುಂಚೆ ಗೊತ್ತಿರ್ಬೇಕು.’

ವಿಡಿಯೊದಲ್ಲೂ ಹಾಗೆಯೇ. ಮಿನಿ ಡಿವಿ ಕ್ಯಾಸೆಟ್ಟಿನಿಂದ ಕ್ಯಾಪ್ಚರ್ ಮಾಡಿದ ಕಡತದಲ್ಲಿ ಪ್ರತಿ ಫ್ರೇಮೂ ಪೂರ್ಣವಾಗಿರುತ್ತದೆ. ಗಂಟೆಗೆ ಸುಮಾರು 13 ಜಿಬಿ ತಿನ್ನುವುದು ಅದಕ್ಕೇ. ಅಲ್ಲಿ ಯಾವ ಫ್ರೇಮಿಗೆ ಬೇಕಾದರೂ ಗುರುತು ಹಾಕಬಹುದು. ಎಂಪೆಗ್-2ಕ್ಕೆ ರೆಂಡರ್ ಮಾಡುವ ಹೊತ್ತಿಗೆ ಆ ಗುರುತು ಟೈಮ್‌ಲೈನಿನಲ್ಲಿ ಇದ್ದರೆ, ಒಳ್ಳೆಯ ಸಾಫ್ಟ್‌ವೇರ್ ಅದನ್ನು ಕಂಡು ನಡೆಯುತ್ತಿದ್ದ ಗುಂಪನ್ನು ಅಲ್ಲಿಗೇ ಮುರಿದು, ಸರಿಯಾಗಿ ಅದೇ ಫ್ರೇಮಿನಿಂದ ಹೊಸ ಗುಂಪು ಕಟ್ಟುತ್ತದೆ. ಗುರುತು ಕೂದಲೆಳೆಯಷ್ಟೂ ಜರುಗುವುದಿಲ್ಲ. ರೆಂಡರ್ ಮುಗಿಸಿ, ಆಮೇಲೆ ಡಿಸ್ಕ್ ಕಟ್ಟುವ ಸಾಫ್ಟ್‌ವೇರಿನಲ್ಲಿ ಗುರುತು ಹಾಕಹೊರಟರೆ ಗುಂಪುಗಳು ಆಗಲೇ ಕಟ್ಟಿ ಮುಗಿದಿರುತ್ತವೆ, ಸಿಕ್ಕ ಐ-ಫ್ರೇಮಿಗೆ ತೃಪ್ತಿಪಡಬೇಕು. ಅಡೋಬಿ 2003ರಲ್ಲಿ ತಂದ ಎನ್ಕೋರ್ ಆಗಲಿ, ಮದುವೆ ಕೆಲಸದವರ ಅಚ್ಚುಮೆಚ್ಚಿನ ಎಡಿಯಸ್ ಆಗಲಿ, ಟೈಮ್‌ಲೈನಿನ ಗುರುತನ್ನೇ ಚಾಪ್ಟರ್ ಮಾಡುವ ದಾರಿ ಇಟ್ಟಿದ್ದವು. ಗುರುತು ಮೊದಲು, ರೆಂಡರ್ ನಂತರ: ಅಪ್ಪನ ಸೆರಗಿನ ನಿಯಮವೇ.

ಆದರೆ ಫ್ರೇಮಿಗೆ ಸರಿಯಾಗಿ ಹಾಕಿದರೂ ತೊಂದರೆ ಪೂರ್ತಿ ತೀರುವುದಿಲ್ಲ. ಧ್ವನಿಗೆ ಅದರದೇ ಕಟ್ಟುಗಳಿವೆ. ಡಾಲ್ಬಿ ಡಿಜಿಟಲ್‌ನಲ್ಲಿ ಒಂದು ಕಟ್ಟು 32 ಮಿಲಿಸೆಕೆಂಡು, ಚಿತ್ರದ್ದು 40. ಎರಡೂ ಪ್ರತಿ ಸಲವೂ ಒಂದೇ ಗೆರೆಗೆ ಬಂದು ನಿಲ್ಲುವುದಿಲ್ಲ. ಹಳೆಯ ಪ್ಲೇಯರ್‌ಗಳು ಹಾರಿ ಬಂದಮೇಲೆ ದನಿ ಬಿಡುವುದಕ್ಕೂ ಒಂದು ಗಳಿಗೆ ತಡವರಿಸುತ್ತಿದ್ದವು. ಡೋಲಿನ ಮೊದಲ ಪೆಟ್ಟಿಗೇ ಗುರುತು ಹಾಕಿದರೆ ಆ ಪೆಟ್ಟೇ ಕೇಳಿಸುತ್ತಿರಲಿಲ್ಲ. ಅದಕ್ಕೆ ನಾನೊಂದು ಪದ್ಧತಿ ಇಟ್ಟುಕೊಂಡೆ. ಬೇಕಾದದ್ದು ಶುರುವಾಗುವುದಕ್ಕೆ ಎರಡು ಸೆಕೆಂಡು ಮುಂಚೆ, ಅದೇ ದೃಶ್ಯದ ಒಳಗೆ, ಗುರುತು. ನೋಡುವವರು ಸೋಫಾದಲ್ಲಿ ಸರಿಯಾಗಿ ಕೂರುವುದಕ್ಕೆ, ಟಿವಿ ದನಿ ಏರಿಸುವುದಕ್ಕೆ ಆ ಎರಡು ಸೆಕೆಂಡು ಬೇಕು. ದುರ್ಯೋಧನನಿಗೆ ಮಾತ್ರ ಎರಡು ಸೆಕೆಂಡು ಸಾಲದು, ಮೇಷ್ಟ್ರ ಶ್ರುತಿಯಿಂದಲೇ ಆಗಬೇಕು.

ಮದುವೆಯಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ. ಚಪ್ಪರ, ಅರಿಶಿನ ಶಾಸ್ತ್ರ, ಬಳೆ ಶಾಸ್ತ್ರ, ವರಪೂಜೆ, ಆರತಕ್ಷತೆ, ಮುಹೂರ್ತ, ಧಾರೆ, ಸಪ್ತಪದಿ, ಅರುಂಧತಿ ದರ್ಶನ, ಹೆಣ್ಣು ಒಪ್ಪಿಸುವುದು, ಕೊನೆಗೆ ಬೀಗರೂಟ. ಪಟ್ಟಿ ಹೀಗೆ ಕೊಟ್ಟುಬಿಡುವುದು ಸುಲಭ. ಆದರೆ ದೇವನಹಳ್ಳಿ ಕಡೆಯ ಒಕ್ಕಲಿಗರ ಮನೆಯ ಶಾಸ್ತ್ರದ ಕ್ರಮ ನಮ್ಮೂರ ದೇವಾಂಗರ ಮನೆಯದಲ್ಲ, ನೆಲಮಂಗಲದ ಲಿಂಗಾಯತರ ಮನೆಯದು ಮತ್ತೊಂದು, ಹೊಸಕೋಟೆಯ ಮುಸ್ಲಿಮರ ನಿಕಾಹ್ ಬೇರೆಯೇ. ನಿಕಾಹ್‌ನಲ್ಲಿ ಗುರುತು ಬೇಕಿರುವುದು ಕಾಜಿಯವರು ಕೇಳಿ, ಮದುಮಗ ‘ಕುಬೂಲ್’ ಎನ್ನುವಲ್ಲಿ. ಆ ಮಾತು ಎಷ್ಟೋ ಸಲ ಮೈಕಿಗೂ ಸಿಗದಷ್ಟು ಮೆಲುದನಿಯಲ್ಲಿರುತ್ತದೆ. ತುಟಿ ನೋಡಿ ಗುರುತು ಹಾಕಬೇಕು. ಯಾವ ಮನೆಯಲ್ಲಿ ಯಾವುದರ ನಂತರ ಯಾವುದು ಎಂದು ತಿಳಿಯದವನು ಎಷ್ಟು ದುಬಾರಿ ಕಂಪ್ಯೂಟರಿನ ಮುಂದೆ ಕೂತರೂ ಚಾಪ್ಟರ್ ಹಾಕಲಾರ. ತಿಳಿಯದಿದ್ದಾಗ ನಾನು ಆ ಮನೆಯ ಹಿರಿಯ ಹೆಂಗಸೊಬ್ಬರನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ. ‘ಇದಲ್ಲ ಕಣಪ್ಪ, ಇದಕ್ಕೂ ಮುಂಚೆ ಮಡಿಕೆ ತರ್ತಾರಲ್ಲ, ಅಲ್ಲಿಂದ’ ಎಂದು ಅವರು ಬೆರಳು ತೋರಿಸಿದ ಕಡೆಯೇ ಗುರುತು.

ಗಟ್ಟಿಮೇಳದ ಮಾತು ಹೇಳಲೇಬೇಕು. ಪುರೋಹಿತರು ಕೈ ಎತ್ತಿ ಕೂಗುತ್ತಾರೆ, ವಾಲಗದವರು ಒಮ್ಮೆಲೇ ದನಿ ಏರಿಸುತ್ತಾರೆ, ಅಕ್ಷತೆ ಮಳೆಯಾಗುತ್ತದೆ, ಮದುಮಗ ಗಂಟು ಹಾಕುತ್ತಾನೆ. ಇಡೀ ಮದುವೆಯಲ್ಲಿ ಎಲ್ಲರೂ ಹುಡುಕುವ ಜಾಗ ಇದು. ವಿಡಿಯೊದಲ್ಲಿ ಅತಿ ಕೆಟ್ಟದಾಗಿ ಕಾಣುವ ಜಾಗವೂ ಇದೇ, ಯಾಕೆಂದರೆ ನೆಂಟರೆಲ್ಲ ಎದ್ದು ನಿಂತು ಕ್ಯಾಮೆರಾಕ್ಕೆ ಅಡ್ಡ ಬಂದಿರುತ್ತಾರೆ. ಪುರೋಹಿತರ ಕೈ ಏಳುವುದಕ್ಕೆ ಎರಡು ಸೆಕೆಂಡು ಮುಂಚೆ ಒಂದು ನಿಶ್ಶಬ್ದವಿದೆ. ವಾಲಗದವರು ತುಟಿ ಒದ್ದೆ ಮಾಡಿಕೊಂಡು ಅವರ ಕೈಯನ್ನೇ ನೋಡುತ್ತಿರುತ್ತಾರೆ. ಅಕ್ಷತೆ ಹಿಡಿದ ಮುಷ್ಟಿಗಳು ಇನ್ನೂ ಬಿಚ್ಚಿರುವುದಿಲ್ಲ. ಗುರುತು ಅಲ್ಲಿರಬೇಕು. ಆ ನಿಶ್ಶಬ್ದ ಇಲ್ಲದೆ ಗಟ್ಟಿಮೇಳ ಬರೀ ಗದ್ದಲ.

ಅದಕ್ಕೂ ಮುಂಚೆ ಇನ್ನೊಂದು ಸಂಗತಿ ನಡೆಯುತ್ತದೆ. ತಟ್ಟೆಯಲ್ಲಿ ತೆಂಗಿನಕಾಯಿ, ಅದರ ಮೇಲೆ ತಾಳಿ. ಆ ತಟ್ಟೆಯನ್ನು ಯಾರಾದರೊಬ್ಬರು ಹಿಡಿದು ಸಭೆಯಲ್ಲಿ ಸಾಲುಸಾಲಾಗಿ ಸುತ್ತುತ್ತಾರೆ. ಹಿರಿಯರೆಲ್ಲ ತಾಳಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಜಾಣ ಕ್ಯಾಮೆರಾದವನು ತಟ್ಟೆಯ ಹಿಂದೆಯೇ ಹೋಗುತ್ತಾನೆ. ಇಡೀ ಮದುವೆಯಲ್ಲಿ ಪ್ರತಿಯೊಬ್ಬ ಹಿರಿಯರ ಮುಖವೂ ಹತ್ತಿರದಿಂದ, ಪೋಸು ಕೊಡದೆ, ಸನ್‌ಗನ್ನಿನ ಬೆಳಕಿಗೆ ಕಣ್ಣು ಕಿರಿದು ಮಾಡದೆ ಸಿಗುವುದು ಅಲ್ಲಿ ಮಾತ್ರ. ಆ ತುಣುಕನ್ನು ಮಿಕ್ಸಿಂಗ್‌ನಲ್ಲಿ ಕತ್ತರಿಸಿ ಚಿಕ್ಕದು ಮಾಡುವವರೇ ಹೆಚ್ಚು, ಹಾಡು ಹಾಕಿ ಓಡಿಸುವವರೂ ಇದ್ದರು. ನಾನು ಮಾತ್ರ ಅದನ್ನು ಪೂರ್ತಿ ಉಳಿಸಿ, ‘ತಾಳಿ ಮುಟ್ಟಿದ್ದು’ ಎಂಬ ಹೆಸರಿನಲ್ಲಿ ಬೇರೆ ಚಾಪ್ಟರ್ ಮಾಡುತ್ತಿದ್ದೆ. ದೊಡ್ಡ ಕುಟುಂಬವಾದರೆ ಅದರೊಳಗೇ ಎರಡು ಮೂರು: ಹೆಣ್ಣಿನ ಕಡೆ, ಗಂಡಿನ ಕಡೆ, ಊರವರು.

ಇಷ್ಟು ಮಾಡುವುದಕ್ಕೆ ಡಿಸ್ಕಿನಲ್ಲಿ ಜಾಗವಿಲ್ಲದೆ ಇಲ್ಲ. ಒಂದು ಟೈಟಲ್ಲಿಗೆ 99 ಚಾಪ್ಟರ್‌ವರೆಗೆ ಅವಕಾಶವಿದೆ. ಆದರೂ ಬಹುತೇಕ ಮದುವೆ ಡಿವಿಡಿಗಳಲ್ಲಿ ಚಾಪ್ಟರೇ ಇರುತ್ತಿರಲಿಲ್ಲ, ಇದ್ದರೆ ಐದೈದು ನಿಮಿಷಕ್ಕೊಂದು. ಸಾಫ್ಟ್‌ವೇರಿನಲ್ಲಿ ಒಂದು ಗುಂಡಿಯಿದೆ, ‘ಇಷ್ಟು ನಿಮಿಷಕ್ಕೊಂದು’ ಎಂದರೆ ಸಾಕು, ಅದೇ ಹಾಕಿಕೊಂಡು ಹೋಗುತ್ತದೆ. ಮೈಲಿಗಲ್ಲು ನೆಟ್ಟ ಹಾಗೆ. ಮೈಲಿಗಲ್ಲಿಗೆ ಊರು ಎಲ್ಲಿದೆಯೆಂಬ ಚಿಂತೆಯಿಲ್ಲ. ಸಪ್ತಪದಿಯ ನಾಲ್ಕನೇ ಹೆಜ್ಜೆಯಲ್ಲೊಂದು ಕಲ್ಲು, ಪಾಯಸ ಬಡಿಸುವಾಗ ಒಂದು ಕಲ್ಲು. ಒಂದೇ ಕಡೆ ಮಾತ್ರ ಆ ಪದ್ಧತಿ ನ್ಯಾಯವೆಂದು ನನಗೆ ತೋರಿದೆ: ಆರತಕ್ಷತೆಯ ಸಾಲು. ಎರಡು ಗಂಟೆ ಹೊತ್ತು ಒಬ್ಬರ ಹಿಂದೆ ಒಬ್ಬರು ವೇದಿಕೆ ಹತ್ತಿ, ಕವರು ಕೊಟ್ಟು, ಫೋಟೊಗೆ ನಿಂತು ಇಳಿಯುತ್ತಾರೆ. ಅಲ್ಲಿ ಯಾರು ಮುಖ್ಯರು, ಯಾರು ಅಲ್ಲ ಎಂದು ಹೇಳಲು ನಾನ್ಯಾರು? ಅಲ್ಲಿ ಹತ್ತು ನಿಮಿಷಕ್ಕೊಂದು ಕಲ್ಲು ನೆಟ್ಟರೆ ಯಾರಿಗೂ ಅವಮಾನವಿಲ್ಲ.

ಹೆಸರು ಬರೆಯುವುದೂ ಒಂದು ಕೆಲಸವಾಗಿತ್ತು. ಮೆನುವಿನಲ್ಲಿ ‘ಚಾಪ್ಟರ್ 7’ ಎಂದಿದ್ದರೆ ಅಜ್ಜಿಗೆ ಏನು ತಿಳಿಯಬೇಕು? ಕನ್ನಡದಲ್ಲಿ ಬರೆಯಹೋದರೆ ಆಗಿನ ಸಾಫ್ಟ್‌ವೇರ್‌ಗಳು ಒತ್ತಕ್ಷರಗಳನ್ನು ಬಿಡಿಬಿಡಿ ಮಾಡಿ ಚೆಲ್ಲುತ್ತಿದ್ದವು. ನುಡಿಯಲ್ಲೋ ಶ್ರೀಲಿಪಿಯಲ್ಲೋ ಬರೆದು, ಫೋಟೊಶಾಪಿನಲ್ಲಿ ಚಿತ್ರ ಮಾಡಿ ಕೂರಿಸಬೇಕಿತ್ತು. ‘ಮಾಂಗಲ್ಯಧಾರಣೆ’ ಎಂಬ ಒಂದು ಪದಕ್ಕೆ ಕಾಲು ಗಂಟೆ. ಆಮೇಲೆ ಪ್ರತಿ ಹೆಸರಿನ ಪಕ್ಕದಲ್ಲಿ ಆ ಶಾಸ್ತ್ರದ ಒಂದು ಪುಟ್ಟ ಚಿತ್ರ. ಓದಲು ಬಾರದ ಅಜ್ಜಿಯರು ಚಿತ್ರ ನೋಡಿ ‘ಅದು, ಅದು ಹಾಕು’ ಎನ್ನುತ್ತಿದ್ದರು. ನಾಟಕದ ಡಿಸ್ಕಿಗಂತೂ ಮುಖಗಳೇ ಮೆನು. ಊರ ಬಾಗಿಲಲ್ಲಿ ಕಟ್ಟುವ ಫ್ಲೆಕ್ಸಿನಲ್ಲಿ ಪಾತ್ರಧಾರಿಗಳ ಫೋಟೊ ಸಾಲಾಗಿ ಇರುವ ಹಾಗೆ.

ಆ ಮಿಕ್ಸಿಂಗ್ ರೂಮು ಈಗಿಲ್ಲ. ಮಿನಿ ಡಿವಿ ಹೋಯಿತು, ಮೆಮೊರಿ ಕಾರ್ಡು ಬಂತು. ಎನ್ಕೋರ್ 2012ರ ಸಿಎಸ್6ಗೆ ನಿಂತಿತು. ಮೋಸರ್ ಬೇರ್ ಕಂಪನಿಯೇ ಮುಳುಗಿತು. ಇಂದಿನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕಲು ಬಾಯೇ ಇಲ್ಲ. ಮದುವೆಗೆ ಈಗ ಪೆನ್‌ಡ್ರೈವ್ ಕೊಡುತ್ತಾರೆ, ಮೂರು ಗಂಟೆಯ ಒಂದೇ ಕಡತ, ಜತೆಗೆ ನಾಲ್ಕು ನಿಮಿಷದ ಹಾಡಿನ ತುಣುಕು. ನಾಲ್ಕು ನಿಮಿಷದ್ದನ್ನು ಎಲ್ಲರೂ ನೋಡುತ್ತಾರೆ. ಮೂರು ಗಂಟೆಯದನ್ನು ಬೆರಳಿನಿಂದ ಅತ್ತಿತ್ತ ಎಳೆದು ಬೇಸತ್ತು ಬಿಡುತ್ತಾರೆ.

ನನಗೆ ಹೆಚ್ಚು ನೋವಾಗುವುದು ಹಳೆಯ ಡಿಸ್ಕುಗಳ ಪಾಡು ನೋಡಿ. ಹೀಗೆ ರೈಟ್ ಮಾಡಿದ ಡಿವಿಡಿಯಲ್ಲಿ ಮಾಹಿತಿ ಕೂತಿರುವುದು ಒಂದು ಬಣ್ಣದ ಪದರದ ಮೇಲೆ. ಬಿಸಿಲು, ಬಿಸಿ, ತೇವ ಮೂರೂ ಅದಕ್ಕೆ ಶತ್ರು. ನಮ್ಮ ಮನೆಗಳಲ್ಲಿ ಅದು ಇರುವುದು ಕಿಟಕಿ ಪಕ್ಕದ ಶೋಕೇಸಿನಲ್ಲಿ. ಹಾಳಾಗುವ ಮುಂಚೆ ಪೆನ್‌ಡ್ರೈವಿಗೆ ಹಾಕಿಸೋಣ ಎಂದು ಜನ ಅಂಗಡಿಗೆ ಒಯ್ಯುತ್ತಾರೆ. ಒಳ್ಳೆಯದೇ. ಆದರೆ ಡಿಸ್ಕನ್ನು ಕಂಪ್ಯೂಟರಿನಲ್ಲಿ ತೆರೆದರೆ ‘ವಿಡಿಯೊ_ಟಿಎಸ್’ ಎಂಬ ಫೋಲ್ಡರ್ ಕಾಣುತ್ತದೆ. ಅದರಲ್ಲಿ ವಿಒಬಿ ಎಂದು ಕೊನೆಯಾಗುವ ದೊಡ್ಡ ಕಡತಗಳು, ಒಂದೊಂದೂ 1 ಜಿಬಿ ಮೀರದವು. ಪಕ್ಕದಲ್ಲೇ ಐಎಫ್‌ಒ ಎಂದು ಕೊನೆಯಾಗುವ ಪುಟ್ಟ ಪುಟ್ಟ ಕಡತಗಳು, ಅವುಗಳ ನಕಲು ಬಿಯುಪಿ. ಚಿತ್ರ ಮತ್ತು ಧ್ವನಿ ವಿಒಬಿಯಲ್ಲಿವೆ. ಯಾವ ಚಾಪ್ಟರ್ ಎಲ್ಲಿಂದ ಶುರು ಎಂಬ ಪಟ್ಟಿ ಇರುವುದು ಐಎಫ್‌ಒದಲ್ಲಿ. ಅಂಗಡಿಯವರು ದೊಡ್ಡ ಕಡತ ಮಾತ್ರ ನಕಲು ಮಾಡಿ ಪುಟ್ಟದನ್ನು ಬಿಟ್ಟರೆ ಚಿತ್ರ ಉಳಿಯಿತು, ಗುರುತುಗಳೆಲ್ಲ ಅಳಿದವು. ಡಿಸ್ಕು ಕೈಯಲ್ಲಿರುವವರಿಗೆ ನನ್ನ ಕೋರಿಕೆ ಇಷ್ಟೇ: ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಸಿ, ಇಲ್ಲವೇ ಇಡೀ ಡಿಸ್ಕಿನ ಐಎಸ್‌ಒ ಮಾಡಿಸಿ. ಒಂದೇ ಕಡತ ಬೇಕೆಂದರೆ ಮೇಕ್‌ಎಂಕೆವಿ, ಹ್ಯಾಂಡ್‌ಬ್ರೇಕ್‌ಗಳಂಥ ಉಚಿತವಾಗಿ ಸಿಗುವ ಸಾಫ್ಟ್‌ವೇರ್‌ಗಳಿವೆ; ಅವು ಚಾಪ್ಟರ್ ಗುರುತುಗಳನ್ನೂ ಜತೆಗೆ ತರುತ್ತವೆ.

ನಾಟಕ ಆಡಿಸುವವರಿಗೂ ಒಂದು ಮಾತು. ಈಗ ಊರೂರಿನ ಕುರುಕ್ಷೇತ್ರಗಳು ಯೂಟ್ಯೂಬಿನಲ್ಲಿವೆ, ಏಳೆಂಟು ಗಂಟೆಯ ಒಂದೇ ಪಟ್ಟು. 2020ರಿಂದ ಅಲ್ಲೂ ಚಾಪ್ಟರ್ ಬಂದಿದೆ. ವಿವರಣೆಯ ಜಾಗದಲ್ಲಿ ಸಮಯ ಮತ್ತು ಹೆಸರು ಬರೆದರೆ ಸಾಕು. ಮೊದಲನೆಯದು 00:00 ಇರಬೇಕು, ಕಡಿಮೆಯೆಂದರೆ ಮೂರು ಇರಬೇಕು, ಒಂದೊಂದೂ ಹತ್ತು ಸೆಕೆಂಡಿಗಿಂತ ಕಡಿಮೆಯಿರಬಾರದು. ಫ್ರೇಮಿನ ಲೆಕ್ಕವಿಲ್ಲ, ಸೆಕೆಂಡೇ ಅಲ್ಲಿ ಕೊನೆಯ ಅಳತೆ. ಊರಿನ ಯಾವ ಹುಡುಗ ಬೇಕಾದರೂ ಒಂದು ಭಾನುವಾರ ಕೂತು ಮಾಡಬಹುದು. ಶ್ರುತಿಯಿಂದ ಹಾಕಲಿ, ಪರದೆಯಿಂದ ಬೇಡ.

ದೇವನಹಳ್ಳಿಯ ಸುತ್ತಲಿನ ಡಿಸ್ಕುಗಳಿಗೆ ಇನ್ನೂ ಒಂದು ತೂಕವಿದೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅದಕ್ಕೇ ಸುಮಾರು 4,000 ಎಕರೆ ಹೋಯಿತು. ಸುತ್ತಲಿನ ದ್ರಾಕ್ಷಿ ತೋಟ, ಚಕ್ಕೋತದ ಗಿಡ, ರಾಗಿ ಹೊಲಗಳಲ್ಲಿ ಎಷ್ಟೋ ಈಗ ಬಡಾವಣೆ. ಆಗಿನ ಮದುವೆಗಳಲ್ಲಿ ಚಪ್ಪರ ಹಾಕುತ್ತಿದ್ದುದು ಮನೆ ಮುಂದೆ. ‘ಚಪ್ಪರ’ ಎಂಬ ಚಾಪ್ಟರ್ ಒತ್ತಿದರೆ ಕಂಬ ನೆಡುವವರ ಬೆನ್ನ ಹಿಂದೆ ಕಣ, ಬಣವೆ, ದ್ರಾಕ್ಷಿಯ ಕಲ್ಲುಕಂಬದ ಸಾಲು. ಅವುಗಳಿಗಾಗಿ ಯಾರೂ ಕ್ಯಾಮೆರಾ ಹಿಡಿದಿರಲಿಲ್ಲ.

ಕಳೆದ ವರ್ಷ ಒಬ್ಬ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದರು. ಘಾಟಿ ಸುಬ್ರಹ್ಮಣ್ಯದ ಛತ್ರದಲ್ಲಿ ಅವರ ಮದುವೆ ಆಗಿತ್ತು, ಮಿಕ್ಸಿಂಗ್ ನನ್ನದು. ಕೈಯಲ್ಲಿ ಪೆನ್‌ಡ್ರೈವ್ ಇತ್ತು.

‘ಅಣ್ಣಾ, ಇದ್ರಲ್ಲಿ ಅಪ್ಪ ಇರೋದು ಎಲ್ಲೂ ಸಿಗ್ತಾ ಇಲ್ಲ. ಮೊದ್ಲು ಸೀಡಿನಲ್ಲಿ ಒಂದು ಒತ್ತಿದ್ರೆ ಬರ್ತಿತ್ತು.’

‘ಆ ಸೀಡಿ ಇದ್ಯೇನಮ್ಮ?’

ಇತ್ತು. ಬ್ಯಾಗಿನಿಂದ ತೆಗೆದುಕೊಟ್ಟರು. ಮೇಲಿನ ಸ್ಟಿಕ್ಕರಿನ ಅಂಚು ಎದ್ದಿತ್ತು, ಕೆಳಗೆ ಗೀರುಗಳು. ಹತ್ತಿಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಹಳೆಯ ಡ್ರೈವಿಗೆ ಹಾಕಿದೆ. ಎರಡು ಸಲ ತಿರುಗಿ ನಿಂತಿತು, ಮೂರನೆಯ ಸಲ ಓದಿತು. ಮೊದಲು ಪುಟ್ಟ ಕಡತಗಳನ್ನು ನಕಲು ಮಾಡಿಕೊಂಡೆ, ಆಮೇಲೆ ದೊಡ್ಡವು. ಚಾಪ್ಟರ್ 14, ತಾಳಿ ಮುಟ್ಟಿದ್ದು, ಹೆಣ್ಣಿನ ಕಡೆ.

ಒತ್ತಿದೆ. ತಟ್ಟೆ ಇನ್ನೂ ಬಂದಿರಲಿಲ್ಲ. ಮೊದಲ ಸಾಲಿನ ಕುರ್ಚಿಯಲ್ಲಿ ಕೂತಿದ್ದ ಅವರಪ್ಪ, ಎಡಗಡೆಯಿಂದ ತಟ್ಟೆ ಬರುವುದನ್ನು ಕಂಡು, ಬಲಗೈಯನ್ನು ಪಂಚೆಗೆ ಒಮ್ಮೆ ಒರೆಸಿಕೊಂಡರು. ಆಮೇಲೆ ಕೈ ಚಾಚಿದರು.